ಬಾವಿ ತೊಳೆಯದೆ ಇದ್ದ ಮಳೆಗಾಲ

ಮೊನ್ನೆ ಲಷ್ಕರ್ ಮೊಹಲ್ಲಾದಲ್ಲಿ ಒಬ್ಬ ವಕೀಲರಿಗೆ ಕಾಗದಪತ್ರ ಕೊಟ್ಟು ಬರಲು ಹೋಗಿದ್ದೆ. ಮಳೆ ಬಂದು ಆಗಷ್ಟೇ ನಿಂತಿತ್ತು. ಓಣಿಯ ಚರಂಡಿಯುದ್ದಕ್ಕೂ ಯಾರೋ ಬ್ಲೀಚಿಂಗ್ ಪೌಡರ್ ಎರಚಿಕೊಂಡು ಹೋಗಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ದಾರಿ ಮಧ್ಯೆ ನಿಂತುಬಿಟ್ಟೆ. ಬೇರೆಯವರಿಗೆ ಅದು ಆಸ್ಪತ್ರೆಯ ವಾಸನೆಯೋ, ಬಚ್ಚಲಿನ ವಾಸನೆಯೋ ಇರಬಹುದು. ನನಗೆ ಅದು ಎರಡು ವರ್ಷದ ಹಿಂದಿನ ಮಳೆಗಾಲ, ನಾನೇ ಕೈಯಾರೆ ಮಾಡಿದ ಒಂದು ತಪ್ಪು, ಮತ್ತು ನನ್ನ ದೊಡ್ಡವ್ವ. ಹಿಂದಿನಿಂದ ಗಾಡಿಯವನು ಎರಡು ಸಲ ಹಾರನ್ ಹೊಡೆದ ಮೇಲೆ ಪಕ್ಕಕ್ಕೆ ಸರಿದೆ.

ನಾನು ಕೋರ್ಟಿನ ಎದುರು ಸಾಲಿನಲ್ಲಿ ಒಂದು ಪುಟ್ಟ ಅಂಗಡಿ ಇಟ್ಟುಕೊಂಡು ಟೈಪ್ ಮಾಡುವವಳು. ಮೊದಲು ಮೆಷಿನ್ನು, ಈಗ ಕಂಪ್ಯೂಟರ್ರು. ಇಪ್ಪತ್ತು ವರ್ಷಕ್ಕೂ ಮೇಲಾಯಿತು, ಊರವರ ಜಗಳಗಳನ್ನೆಲ್ಲ ನನ್ನ ಬೆರಳುಗಳೇ ಹೊಡೆದಿವೆ. ಕಾಂಪೌಂಡ್ ಗೋಡೆಯ ಜಗಳ, ಗಂಡ ಹೆಂಡಿರ ಜಗಳ, ಪಕ್ಕದ ಸೈಟಿಗೆ ಬಾಗಿದ ತೆಂಗಿನಮರದ ಜಗಳ. ‘ಅರ್ಜಿದಾರರ ವಿನಮ್ರ ಪ್ರಾರ್ಥನೆ ಏನೆಂದರೆ’ ಎಂದು ದಿನಕ್ಕೆ ಹತ್ತು ಸಲವಾದರೂ ಟೈಪ್ ಮಾಡುತ್ತೇನೆ. ಟೈಪ್ ಮಾಡುವುದು ಬಿಟ್ಟರೆ ನನಗೂ ವಿನಮ್ರತೆಗೂ ಅಷ್ಟಕ್ಕಷ್ಟೇ ಎಂದು ನನ್ನ ಗಂಡನ ಅಭಿಪ್ರಾಯ. ಆ ವರ್ಷದವರೆಗೆ ನಾನು ಟೈಪ್ ಮಾಡಿದ ಯಾವ ಅರ್ಜಿಯಲ್ಲೂ ನಮ್ಮ ಬೀದಿಯ ಹೆಸರು ಬಂದಿರಲಿಲ್ಲ.

ನಮ್ಮ ಬೀದಿ ಇರುವುದು ಹುಣಸೂರು ರಸ್ತೆಯಲ್ಲಿ, ಇಲವಾಲಕ್ಕಿಂತ ಸ್ವಲ್ಪ ಈಚೆ. ನಲವತ್ತು ಮನೆ. ನಲ್ಲಿ ಹಾಕಿಸಿಕೊಡಿ ಎಂದು ಪಂಚಾಯಿತಿಯವರನ್ನು ಕೇಳಿದರೆ, “ನೀವಿನ್ನು ಸಿಟಿಗೆ ಸೇರ್ತೀರಲ್ಲ” ಅನ್ನುತ್ತಿದ್ದರು. ಸಿಟಿಯವರನ್ನು ಕೇಳಿದರೆ, “ಇನ್ನೂ ಸೇರಿಲ್ವಲ್ಲ” ಅನ್ನುತ್ತಿದ್ದರು. ಬೀದಿಗೆರಡು ನಲ್ಲಿಗಳೇನೋ ಇದ್ದವು, ವಾರಕ್ಕೊಮ್ಮೆ ನೀರು ಬಂದರೆ ನಮ್ಮ ಪುಣ್ಯ. ಹಾಗಾಗಿ ಕುಡಿಯಲು, ಅಡುಗೆಗೆ ಬಾವಿಯೇ ಗತಿಯಾಗಿತ್ತು.

ಆ ಬಾವಿಯ ಬಗ್ಗೆ ನಾಲ್ಕು ಮಾತು ಹೇಳಲೇಬೇಕು. ನಮ್ಮ ಅಜ್ಜಂದಿರ ಕಾಲದಲ್ಲಿ ಊರಬಾವಿಗೆ ನಮ್ಮವರು ಹಗ್ಗ ಬಿಡುವಂತಿರಲಿಲ್ಲ. ಬಿಂದಿಗೆ ಇಟ್ಟು ದೂರದಲ್ಲಿ ನಿಂತು, ಯಾರಾದರೂ ಕನಿಕರಪಟ್ಟು ಮೇಲಿನಿಂದ ಹುಯ್ಯುವವರೆಗೆ ಕಾಯಬೇಕಿತ್ತಂತೆ. ಕಾದು ಕಾದು ಸಾಕಾಗಿ ಒಂದು ಬೇಸಿಗೆಯಲ್ಲಿ ಇಡೀ ಬೀದಿ ಗುದ್ದಲಿ, ಹಾರೆ ಹಿಡಿದು ಈ ಬಾವಿ ತೋಡಿತು. ಆಮೇಲೆ ನಮ್ಮ ಮನೆಗಳವರು ಬೌದ್ಧರಾದರು. ಪ್ರತಿ ವರ್ಷ ಬುದ್ಧ ಪೂರ್ಣಿಮೆಯ ಹಿಂದಿನ ದಿನ ಬಾವಿ ತೊಳೆಯುವುದು ನಮ್ಮಲ್ಲಿ ಹಬ್ಬದಷ್ಟೇ ದೊಡ್ಡ ಕೆಲಸ. ನೀರನ್ನೆಲ್ಲ ಎತ್ತಿ ಹೊರಹಾಕಿ, ಗಂಡಸರು ಒಳಗಿಳಿದು ಕಲ್ಲು ಉಜ್ಜಿ ಕೆಸರು ತೆಗೆಯುತ್ತಾರೆ. ಹೆಂಗಸರು ಕಟ್ಟೆಗೆ ಸುಣ್ಣ ಬಳಿಯುತ್ತಾರೆ. ಹೊಸ ನೀರು ಊರಿದ ಮೇಲೆ ಮೊದಲ ಬಿಂದಿಗೆ ಬೀದಿಯ ಅತಿ ಹಿರಿಯರ ಮನೆಗೆ ಹೋಗುತ್ತದೆ. ನಮ್ಮ ಬಾವಿ ನೋಡಿ ಯಾವನೂ ಮೂಗು ಮುರಿಯಬಾರದು ಅನ್ನುವುದು ನಮ್ಮ ಹಠ. ಆ ವರ್ಷ ಆ ಹಠವೇ ನಮಗೆ ತಿರುಗಿಕೊಂಡಿತು.

ಬಾವಿಯ ಉಸ್ತುವಾರಿ ಎಲ್ಲ ನನ್ನ ದೊಡ್ಡವ್ವನದು. ಹೆಸರು ಚಿಕ್ಕತಾಯಮ್ಮ, ಎಪ್ಪತ್ತು ದಾಟಿದೆ. ಒಂದು ಹಾಸ್ಟೆಲಿನ ಅಡುಗೆಮನೆಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತಳಾದವಳು. ಸಾಹೇಬರು ಇನ್‌ಸ್ಪೆಕ್ಷನ್ನಿಗೆ ಬರುತ್ತಾರೆ ಅಂದರೆ ಹಿಂದಿನ ದಿನ ಹಂಡೆ, ಕೊಳಗ, ನೆಲ, ಗೋಡೆ ಎಲ್ಲ ಉಜ್ಜಿ ಫಳಫಳ ಅನ್ನಿಸಿ ಅಭ್ಯಾಸ. ಅವಳ ಪ್ರಕಾರ ಲೋಕದಲ್ಲಿ ಇರುವುದು ಎರಡೇ ಜಾತಿ, ಪಾತ್ರೆ ತೊಳೆದಿಟ್ಟು ಮಲಗುವವರು ಮತ್ತು ತೊಳೆಯದೆ ಮಲಗುವವರು. ನಾನು ಎರಡನೆಯ ಜಾತಿಯವಳೆಂದು ಅವಳಿಗೆ ಬೇಸರವಿದೆ.

ನಮ್ಮ ಮೇಲುಗಡೆಯ ದಿಣ್ಣೆ ನಾನು ಚಿಕ್ಕವಳಿದ್ದಾಗ ಹುರುಳಿ ಹೊಲ. ಈಗ ಅಲ್ಲಿ ಒಂದು ದೊಡ್ಡ ಖಾಸಗಿ ಬಡಾವಣೆ. ಬಾಗಿಲಿಗೆ ಕಮಾನು, ಕಮಾನಿನ ಪಕ್ಕ ಕಾರಂಜಿ, ಕಾರಂಜಿಯ ಪಕ್ಕ ಸೆಕ್ಯುರಿಟಿ. ಮನೆಗಳು ತುಂಬುತ್ತಾ ಬಂದ ಹಾಗೆ, ಮಳೆನೀರು ಹರಿಯಲೆಂದಿದ್ದ ಹಳೆಯ ಕಾಲುವೆಯಲ್ಲಿ ಬೇಸಿಗೆಯಲ್ಲೂ ನೀರು ಹರಿಯತೊಡಗಿತು. ಆ ಕಾಲುವೆ ನಮ್ಮ ಬಾವಿಯಿಂದ ಹತ್ತು ಹೆಜ್ಜೆ ದೂರ. ಬೇಸಿಗೆಯಲ್ಲಿ ನೀರು ಕಂಡು ಖುಷಿಯಾದದ್ದು ನಮ್ಮ ಬೀದಿಯ ಬಾತುಕೋಳಿಗಳಿಗೆ ಮಾತ್ರ.

ಆ ಸಲ ಬುದ್ಧ ಪೂರ್ಣಿಮೆಗೆ ಬಾವಿ ತೊಳೆದು ಹದಿನೈದು ದಿನವೂ ಆಗಿರಲಿಲ್ಲ. ಒಂದು ಬೆಳಗ್ಗೆ ದೊಡ್ಡವ್ವ ಚೊಂಬು ಹಿಡಿದುಕೊಂಡು ನಮ್ಮ ಮನೆಗೆ ಬಂದಳು.

“ಸುಜಾತ, ಇದ್ನ ಮೂಸು.”

ಮೂಸಿದೆ. ನನಗೇನೂ ಗೊತ್ತಾಗಲಿಲ್ಲ.

“ನಿಂಗೆ ಮೂಗಿರದು ಮೂಗ್‌ಬೊಟ್ಟು ಇಕ್ಕಳಕ್ಕೆ ಮಾತ್ರವಾ? ನೀರು ಕೆಟ್ಟೋಗದೆ ಕಣವ್ವ.”

ವಾರ ಕಳೆಯುವುದರೊಳಗೆ ಎಲ್ಲರ ಮೂಗಿಗೂ ಗೊತ್ತಾಯಿತು. ಬೆಳಗ್ಗೆ ಮೊದಲು ಸೇದಿದ ಕೊಡದಲ್ಲಿ ಕಕ್ಕಸಿನ ವಾಸನೆ. ಕುದಿಸಿ, ಸೋಸಿ, ಪಟಿಕ ಹಾಕಿ ಏನೆಲ್ಲ ಮಾಡಿದರೂ ಮನೆಮನೆಯಲ್ಲಿ ವಾಂತಿ, ಭೇದಿ. ಎದುರು ಮನೆಯ ಆಟೋ ಓಡಿಸುವ ಸಿದ್ದರಾಜುವಿನ ಮಗಳು ಏಳನೇ ಕ್ಲಾಸು. ಅವಳಿಗೆ ಕಾಮಾಲೆ ಹತ್ತಿ, ಕಣ್ಣು ಅರಿಸಿನ ಬಣ್ಣಕ್ಕೆ ತಿರುಗಿ, ಆಸ್ಪತ್ರೆಗೆ ಸೇರಿಸಬೇಕಾಯಿತು. ಡಾಕ್ಟರು ಕೇಳಿದ ಮೊದಲ ಪ್ರಶ್ನೆಯೇ ಯಾವ ನೀರು ಕುಡಿಯುತ್ತೀರಿ ಅಂತ. ಸಿದ್ದರಾಜು ಬಾವಿ ನೀರು ಅಂದನಂತೆ, ಹೇಳುವಾಗ ತಲೆ ತಗ್ಗಿಸಿಬಿಟ್ಟನಂತೆ.

ಹತ್ತು ಜನ ಕೂಡಿ ಬಡಾವಣೆಯ ಕಚೇರಿಗೆ ಹೋದೆವು. ಮ್ಯಾನೇಜರು ನಮ್ಮನ್ನು ಕೂರಿಸಲಿಲ್ಲ, ಆದರೆ ಕರೆದುಕೊಂಡು ಹೋಗಿ ಕೊಳಚೆ ಶುದ್ಧ ಮಾಡುವ ಘಟಕ ತೋರಿಸಿದ. ಮೋಟಾರು, ಪೈಪು, ಹಸಿರು ಬಣ್ಣ ಬಳಿದ ತೊಟ್ಟಿ, ಎಲ್ಲ ಇತ್ತು. ತೊಟ್ಟಿಯ ತಳದಲ್ಲಿ ಒಣಗಿದ ಎಲೆ ಬಿದ್ದಿತ್ತು. ಇದು ಎಂದಾದರೂ ಓಡಿದ್ದುಂಟೇ ಎಂದು ನಾನು ಕೇಳಿದೆ. ಅವನು ನಗುತ್ತಲೇ, “ಅಮ್ಮ, ನಮ್ದೆಲ್ಲ ರೂಲ್ಸ್ ಪ್ರಕಾರ ಇದೆ. ನಿಮ್ ಕಡೆಯೋರ ಬಾವಿ ಅಲ್ವಾ ಅದು? ನೀವೇ ಗಲೀಜು ಮಾಡ್ಕೊಂಡಿರ್ತೀರ” ಅಂದ.

ವಾಪಸು ಬರುವಾಗ ದಾರಿಯುದ್ದಕ್ಕೂ ದೊಡ್ಡವ್ವನ ಸೆರಗಿನ ತುದಿ ಅವಳ ಮುಷ್ಟಿಯಲ್ಲೇ ಇತ್ತು. ನನಗೆ ಮೈಯೆಲ್ಲ ಉರಿದುಹೋಯಿತು. ಅವನ ಮಾತನ್ನು ಹಾಗೇ ಬಿಟ್ಟರೆ ನನ್ನ ಅಂಗಡಿಗೆ ಬೀಗ ಹಾಕಿಕೊಳ್ಳುವುದೇ ಲೇಸು ಎಂದು ಮಾರನೇ ದಿನವೇ ಇನಾಯತ್ ಸಾಹೇಬರ ಬಳಿಗೆ ಹೋದೆ.

ಇನಾಯತ್ ಸಾಹೇಬರು ಲಷ್ಕರ್ ಮೊಹಲ್ಲಾದ ಹಳೆಯ ವಕೀಲರು. ಮರದ ಮೆಟ್ಟಿಲು ಹತ್ತಿ ಹೋಗಬೇಕಾದ ಕಚೇರಿ, ಕೆಳಗೆ ಹಗ್ಗ, ಬಕೆಟ್ಟು, ಫಿನಾಯಿಲು ಮಾರುವ ಅಂಗಡಿ. ಅವರ ಕಾಗದಗಳನ್ನು ಹದಿನೈದು ವರ್ಷದಿಂದ ನಾನೇ ಟೈಪ್ ಮಾಡುವುದು. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು ಕನ್ನಡಕ ತೆಗೆದಿಟ್ಟರು.

“ಸುಜಾತಮ್ಮ, ನೀವು ಇಷ್ಟು ದಿನ ಕಚೇರಿ ಕಚೇರಿ ತಿರುಗಿ ಕೇಳಿದ್ರಲ್ಲ, ಹಂಗೆ ಬೇಡ್ಕೊಂಡು ಕೇಳೋ ವಿಷಯ ಅಲ್ಲ ಇದು. ಬದುಕೋ ಹಕ್ಕು ಅಂತ ಸಂವಿಧಾನದಲ್ಲಿ ಇದೆಯಲ್ಲ, ಕುಡಿಯೋ ನೀರು ಅದರೊಳಗೇ ಬರುತ್ತೆ. ಹಸಿರು ಪೀಠಕ್ಕೆ ಹೋಗೋಣ. ಚೆನ್ನೈನಲ್ಲಿ ಕೂರುತ್ತೆ, ಈಗ ವಿಡಿಯೋದಲ್ಲೇ ವಾದ ಮಾಡಬಹುದು. ಅರ್ಜಿ ಟೈಪ್ ಮಾಡಿ.”

ಪರಿಸರದ ಮೊಕದ್ದಮೆಗಳನ್ನಷ್ಟೇ ನಡೆಸುವ ಪೀಠ ಅದು. ಅರ್ಜಿ ಟೈಪ್ ಮಾಡಲು ಕೂತು ಮೊದಲ ಸಲ ನಮ್ಮ ಬೀದಿಯ ಹೆಸರು ಹೊಡೆದೆ. ನಲವತ್ತು ಮನೆಯವರ ಸಹಿ, ಹೆಬ್ಬೆಟ್ಟು. ಮೊದಲ ಅರ್ಜಿದಾರಳು ಚಿಕ್ಕತಾಯಮ್ಮ. ಮೊದಲ ವಿಚಾರಣೆಯಲ್ಲೇ ಪೀಠದವರು, ಬಾವಿ ನೀರಿನ ಮಾದರಿ ತೆಗೆದು ಪರೀಕ್ಷೆ ಮಾಡಿಸಿ ವರದಿ ಕೊಡಿ ಎಂದು ಜಿಲ್ಲೆಯ ಅಧಿಕಾರಿಗಳಿಗೆ ಹೇಳಿದರು. ಮುಂಗಾರು ಆಗಲೇ ಹಿಡಿದಿತ್ತು. ಒಂದು ಮಧ್ಯಾಹ್ನ ಸಾಹೇಬರು ಅಂಗಡಿಗೆ ಫೋನು ಮಾಡಿ, “ನಾಡಿದ್ದು ಬೆಳಗ್ಗೆ ಸ್ಯಾಂಪಲ್‌ಗೆ ಬರ್ತಾರೆ. ಬಾವಿ ಹೇಗಿದೆಯೋ ಹಾಗೇ ಇರಲಿ, ಯಾರೂ ಮುಟ್ಟಬಾರದು, ಎಲ್ಲರಿಗೂ ಹೇಳಿ” ಅಂದರು.

ಇಲ್ಲಿ ನಾನು ಸುಳ್ಳು ಹೇಳಲಾರೆ. ಅವರು ಹೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತ್ತು. ಆದರೆ ಸಂಜೆ ಮನೆಗೆ ಬಂದು ಅಧಿಕಾರಿಗಳು ಬರುತ್ತಾರಂತೆ ಅಂದದ್ದೇ, ದೊಡ್ಡವ್ವ ಸೀರೆ ಎತ್ತಿ ಕಟ್ಟಿದಳು. “ಬರೋರು ಬಂದು ನೋಡ್ಲಿ. ನಾವು ಗಲೀಜು ಮಾಡ್ಕಂಡಿದ್ದೀವಾ ಅಂತ ಅವರೇ ಯೋಳ್ಲಿ” ಅಂದಳು. ಬೀದಿಗೆ ಬೀದಿಯೇ ಎದ್ದು ನಿಂತಿತು. ಸಾಹೇಬರ ಮಾತು ಗಂಟಲವರೆಗೆ ಬಂತು. ಹಾಗೇ ಇರಲಿ ಅಂದರೆ ಇಷ್ಟು ಅಸಹ್ಯವಾಗಿಯೇ ಇರಲಿ ಅಂತಲೇ? ಆ ಮ್ಯಾನೇಜರ್ ಅಂದ ಮಾತನ್ನು ನಿಜ ಮಾಡಿ ತೋರಿಸಬೇಕೇ? ನಮ್ಮ ಮಾನದ ವಿಷಯ ಸಾಹೇಬರಿಗೇನು ಗೊತ್ತು ಅಂದುಕೊಂಡು ನುಂಗಿಬಿಟ್ಟೆ. ಅಷ್ಟೇ ಅಲ್ಲ, ಮಾರನೇ ದಿನ ಅವರ ಕಚೇರಿಯ ಕೆಳಗಿನ ಅಂಗಡಿಯಿಂದಲೇ ಬ್ಲೀಚಿಂಗ್ ಪೌಡರಿನ ದೊಡ್ಡ ಚೀಲ ಕೊಂಡು, ಸಿದ್ದರಾಜುವಿನ ಆಟೋದಲ್ಲಿ ಹಾಕಿಸಿಕೊಂಡು ಬಂದೆ.

ಆ ದಿನ ಮಳೆಯಲ್ಲೇ ಬಾವಿ ತೊಳೆದೆವು. ಮೋಟಾರು ಬಾಡಿಗೆಗೆ ತಂದು ನೀರು ಖಾಲಿ ಮಾಡಿ, ಗಂಡಸರು ಇಳಿದು ಉಜ್ಜಿ, ಊರಿದ ಹೊಸ ನೀರಿಗೆ ಪೌಡರ್ ಸುರಿದು, ಕಟ್ಟೆಗೆ ಸುಣ್ಣ ಬಳಿದು, ಮಳೆ ಬಿಟ್ಟಾಗ ರಂಗೋಲಿಯನ್ನೂ ಹಾಕಿದೆವು. ರಂಗೋಲಿ ಹಾಕಿದವಳು ನಾನು. ಮಾರನೇ ಬೆಳಗ್ಗೆ ಜೀಪಿನಲ್ಲಿ ಬಂದ ಅಧಿಕಾರಿ ಒಬ್ಬ ಯುವತಿ. ಬಾಟಲಿಗಳಿಗೆ ನೀರು ತುಂಬಿಸಿಕೊಂಡು, ಚೀಟಿ ಅಂಟಿಸಿ, ನಮ್ಮಿಂದ ಸಹಿ ಹಾಕಿಸಿಕೊಂಡು, “ಎಷ್ಟು ನೀಟಾಗಿ ಇಟ್ಕೊಂಡಿದ್ದೀರ” ಅಂದಳು. ದೊಡ್ಡವ್ವನ ಮುಖ ಅರಳಿತು. ನಾವೆಲ್ಲ ಆ ದಿನ ಗೆದ್ದೆವು ಅಂದುಕೊಂಡೆವು.

ವರದಿ ಬಂದದ್ದು ಮೂರು ವಾರದ ಮೇಲೆ. ನೀರಿನಲ್ಲಿ ರೋಗಾಣು ಇಲ್ಲ, ಕುಡಿಯಲು ಯೋಗ್ಯ. ಬಡಾವಣೆಯ ವಕೀಲರು ಅದನ್ನೇ ಹಿಡಿದುಕೊಂಡು, ಇದು ಸುಳ್ಳು ದೂರು, ನಮ್ಮ ಹೆಸರು ಕೆಡಿಸಲು ಹೂಡಿದ ಹುನ್ನಾರ, ಅರ್ಜಿ ವಜಾ ಮಾಡಿ ಎಂದು ಬರೆದು ಕಳಿಸಿದರು. ಆ ಹೊತ್ತಿಗೆ ಪೌಡರಿನ ಕಾವು ಇಳಿದು ಬಾವಿಯ ನೀರು ಮತ್ತೆ ನಾರುತ್ತಿತ್ತು.

ಸಿದ್ದರಾಜು ವರದಿಯ ಹಾಳೆಯನ್ನು ಕೈಯಲ್ಲಿ ಹಿಡಿದುಕೊಂಡು ನಮ್ಮ ಜಗಲಿಯ ಮೇಲೆ ಕೂತ. ಬೈಯುತ್ತಾನೆ ಅಂದುಕೊಂಡೆ, ಬೈಯಲಿಲ್ಲ.

“ಅಕ್ಕ, ನನ್ ಮಗಳು ಆಸ್ಪತ್ರೇಲಿ ಮಲಗಿದ್ದು ಸುಳ್ಳಾ ಅಂಗಾರೆ?” ಅಂದ.

ನನ್ನ ಮೇಲೆಯೇ ನನಗೆ ಹೇಸಿಗೆಯಾಯಿತು. ಇಪ್ಪತ್ತು ವರ್ಷ ಕೋರ್ಟಿನ ಬಾಗಿಲಲ್ಲಿ ಕೂತವಳು, ಸಾಕ್ಷಿ ಅಂದರೇನು ಅಂತ ತಿಳಿದವಳು, ಒಬ್ಬ ಮ್ಯಾನೇಜರನ ಚುಚ್ಚುಮಾತಿಗೆ ನಮ್ಮ ಸಾಕ್ಷಿಯನ್ನು ನಾನೇ ತೊಳೆದು ಹಾಕಿದ್ದೆ.

ಇನಾಯತ್ ಸಾಹೇಬರಿಗೆ ಎಲ್ಲವನ್ನೂ ಹೇಳಿದೆ. ಅವರಿಗೆ ಸಿಟ್ಟು ಬಂತು, ಆದರೆ ಸಿಟ್ಟನ್ನು ಅವರು ಪೆನ್ನಿನ ಮುಚ್ಚಳ ತೆಗೆದು ಹಾಕಿ, ತೆಗೆದು ಹಾಕಿ ತೀರಿಸಿಕೊಳ್ಳುತ್ತಾರೆ. ಕೊನೆಗೆ ವರದಿಯ ಪ್ರತಿಯನ್ನು ನನ್ನ ಕಡೆಗೆ ನೂಕಿ, ಇದನ್ನು ಉತ್ತರದ ಜೊತೆ ಲಗತ್ತಿಸಲು ಇಲ್ಲೇ ಕೂತು ಟೈಪ್ ಮಾಡಿ ಅಂದರು. ಟೈಪ್ ಮಾಡುವವರಿಗೆ ಒಂದು ಗುಣವಿದೆ. ನಾವು ಕಾಗದವನ್ನು ಓದುವುದಿಲ್ಲ, ಒಂದೊಂದು ಅಕ್ಷರವಾಗಿ ದಾಟಿಕೊಂಡು ಹೋಗುತ್ತೇವೆ. ಹಾಗಾಗಿ ಓದುವವರು ಹಾರಿಸುವ ಸಾಲು ನಮಗೆ ತಪ್ಪುವುದಿಲ್ಲ. ಎರಡನೇ ಹಾಳೆಯ ಕೆಳಗೆ ಸಣ್ಣಕ್ಷರದಲ್ಲಿ, ನೀರಿನಲ್ಲಿ ಕ್ಲೋರಿನ್ ಅಂಶ ಕಂಡುಬಂದಿದೆ ಅಂತ ಇತ್ತು. ನಾನು ಕೀಲಿಮಣೆಯಿಂದ ಬೆರಳು ಎತ್ತಿದೆ.

“ಸಾಹೇಬ್ರೇ, ತೆರೆದ ಬಾವಿಗೆ ಕ್ಲೋರಿನ್ ಎಲ್ಲಿಂದ ಬರುತ್ತೆ?”

ಅವರು ಕನ್ನಡಕ ಹಾಕಿಕೊಂಡು ಆ ಸಾಲನ್ನು ಎರಡು ಸಲ ಓದಿದರು. “ಯಾರಾದರೂ ಹಾಕಿದರೆ ಬರುತ್ತೆ. ಹಾಕಿದವರು ಬಂದು ಹೇಳಿದರೆ ಇದು ನಮಗೆ ಕೆಲಸಕ್ಕೆ ಬರುತ್ತೆ. ಇಲ್ಲದಿದ್ದರೆ ಬರೀ ಒಂದು ಸಾಲು. ಆದರೆ ಒಂದು ಮಾತು. ಸಾಕ್ಷಿ ಕೆಡಿಸಿದರು ಅಂತ ಆ ಕಡೆಯೋರು ತಿರುಗಿಸಿಬಿಡಬಹುದು. ಹೇಳಿದವರ ಮೇಲೇ ಬರಬಹುದು. ಯೋಚನೆ ಮಾಡಿ” ಅಂದರು.

ಯೋಚನೆ ಮಾಡಿದ್ದು ನಾನು. ದೊಡ್ಡವ್ವನಿಗೆ ಯೋಚನೆ ಮಾಡಲು ಏನೂ ಇರಲಿಲ್ಲ. ವಿಷಯ ಹೇಳಿದ ತಕ್ಷಣ, ಚಪ್ಪಲಿ ಮೆಟ್ಟಿಕೊಂಡು ನನ್ನ ಜೊತೆ ಬಸ್ಸು ಹತ್ತಿ ಅಂಗಡಿಗೆ ಬಂದು, ಗಿರಾಕಿಗಳ ಸ್ಟೂಲಿನ ಮೇಲೆ ಕೂತು, ಹೊಡಿ ಅಂದಳು.

“ಬಾವಿ ತೊಳ್ದದ್ದು ನಾನು. ಪೌಡ್ರು ಸುರ್ದದ್ದು ನಾನು. ಯಾರೂ ಯೋಳ್ಕೊಡ್ಲಿಲ್ಲ. ಅಷ್ಟು ಹೊಡಿ.”

“ದೊಡ್ಡವ್ವ, ಪೌಡರ್ ತಂದವಳು ನಾನು.”

“ನೀನು ಕೋರ್ಟ್ ಮುಂದೆ ಅಂಗ್ಡಿ ಮಡಿಕಂಡಿದ್ದೀಯ. ನಿನ್ ಹೆಸ್ರು ಬ್ಯಾಡ. ನಂಗೇನದೆ, ಯಾರು ಏನ್ ಕಿತ್ಕತಾರೆ ನನ್ನ ತಾವ?”

“ಜೈಲು ಅಂದ್ರೆ?”

“ಅಲ್ಲೂ ಪಾತ್ರೆ ತೊಳ್ಯದು ಇದ್ದೇ ಇರ್ತದೆ” ಅಂದಳು.

ನಕ್ಕೆ, ಅತ್ತೆ, ಟೈಪ್ ಮಾಡಿದೆ. ಅವಳು ಹೇಳಿದ ಹಾಗೆಯೇ ಕನ್ನಡದಲ್ಲಿ, ಪಕ್ಕಕ್ಕೆ ಇಂಗ್ಲಿಷ್ ಅನುವಾದ. ಓದಿ ಹೇಳಿ ಸಹಿ ಹಾಕಿಸಿದೆ. ಹಾಸ್ಟೆಲಿನ ಹಾಜರಿ ಪುಸ್ತಕದಲ್ಲಿ ಕಲಿತ ಸಹಿ, ಒಂದೊಂದು ಅಕ್ಷರಕ್ಕೂ ನಿಂತು ನಿಂತು ಹಾಕುತ್ತಾಳೆ. ಅವಳನ್ನು ಬಸ್ಸು ಹತ್ತಿಸಿ ಬಂದು ಮತ್ತೆ ಕಂಪ್ಯೂಟರಿನ ಮುಂದೆ ಕೂತೆ. ಹೊಸ ಹಾಳೆ ತೆಗೆದು ನನ್ನದೇ ಪ್ರಮಾಣಪತ್ರ ಟೈಪ್ ಮಾಡಿದೆ. ಬ್ಲೀಚಿಂಗ್ ಪೌಡರ್ ತಂದದ್ದು ನಾನು, ಬಾವಿ ಮುಟ್ಟಬೇಡಿ ಎಂದು ವಕೀಲರು ಹೇಳಿದ್ದರೂ ನಾನು ಆ ಮಾತನ್ನು ಬೀದಿಯವರಿಗೆ ಮುಟ್ಟಿಸಲಿಲ್ಲ, ತಪ್ಪು ನನ್ನದು. ಊರವರ ತಪ್ಪೊಪ್ಪಿಗೆಗಳನ್ನು ಎಷ್ಟೋ ಟೈಪ್ ಮಾಡಿದ್ದೆ. ನನ್ನ ಹೆಸರು ಹಾಕಿ ಟೈಪ್ ಮಾಡುವುದು ಇಷ್ಟು ಕಷ್ಟ ಅಂತ ಗೊತ್ತಿರಲಿಲ್ಲ. ಸಾಹೇಬರು ಎರಡೂ ಕಾಗದ ನೋಡಿ, ಕಡತಕ್ಕೆ ಸೇರಿಸಿ, ಮತ್ತೊಮ್ಮೆ ನೀರಿನ ಪರೀಕ್ಷೆ ಮಾಡಿಸಬೇಕೆಂದು ಉತ್ತರದಲ್ಲಿ ಕೇಳಿದರು.

ವಿಚಾರಣೆಯ ದಿನ ಅವರ ಕಚೇರಿಯ ಕಂಪ್ಯೂಟರಿನ ಮುಂದೆ ನಾವು ಮೂವರೂ ಕೂತೆವು. ದೊಡ್ಡವ್ವ ಮದುವೆಗೆ ಉಡುವ ಸೀರೆ ಉಟ್ಟು ಬಂದಿದ್ದಳು. ಬಡಾವಣೆಯ ವಕೀಲರು ಸಾಹೇಬರು ಹೇಳಿದ್ದಂತೆಯೇ ಮಾತು ತಿರುಗಿಸಿದರು. ಸಾಕ್ಷಿಯನ್ನು ಕೆಡಿಸಿದವರೇ ಈಗ ಮತ್ತೊಂದು ಪರೀಕ್ಷೆ ಕೇಳುತ್ತಿದ್ದಾರೆ, ಇವರನ್ನು ಹೇಗೆ ನಂಬುವುದು ಅಂದರು. ನನಗೆ ಇಂಗ್ಲಿಷ್ ಅರ್ಥವಾಗುತ್ತದೆ. ದೊಡ್ಡವ್ವನಿಗೆ ಆಗುವುದಿಲ್ಲ, ಆದರೆ ಆ ದನಿ ಅವಳಿಗೆ ಅರ್ಥವಾಯಿತು, ನೆಟ್ಟಗೆ ಕೂತಳು. ನ್ಯಾಯಾಧೀಶರು ಸ್ವಲ್ಪ ಹೊತ್ತು ಹಾಳೆ ತಿರುವಿ, ಬಾವಿ ತೊಳೆದೆ ಎಂದು ಪ್ರಮಾಣಪತ್ರ ಕೊಟ್ಟ ಹೆಂಗಸು ಅಲ್ಲಿದ್ದಾರೆಯೇ, ಯಾಕೆ ತೊಳೆದರು ಎಂದು ಕೇಳಿ ಅಂದರು. ಸಾಹೇಬರು ಕನ್ನಡದಲ್ಲಿ ಕೇಳಿದರು.

ದೊಡ್ಡವ್ವ ಎದ್ದು ನಿಂತಳು. ಪರದೆಯಲ್ಲಿ ಅವಳ ತಲೆ ಕಾಣದೆ ಹೋಯಿತು, ನಾನು ಸೆರಗು ಜಗ್ಗಿ ಕೂರಿಸಿದೆ.

“ಸ್ವಾಮಿ, ಮನೆಗೆ ಜನ ಬತ್ತಾರೆ ಅಂದ್ರೆ ಗುಡಿಸಲ್ವಾ? ನಮ್ ಬಾವಿ ನಾವೇ ಗಲೀಜು ಮಾಡ್ಕಂಡಿದ್ದೀವಿ ಅಂದ್ಬುಟ್ರು. ನಾವು ಅಂತೋರಲ್ಲ ಅಂತ ತೋರ್ಸಕ್ಕೆ ತೊಳ್ದೆ. ತೊಳ್ದದ್ದು ತಪ್ಪು ಅಂತ ಈಗ ಗೊತ್ತಾಯ್ತು. ಇನ್ನೊಂದ್ಸಲ ಬನ್ನಿ, ಒಂದು ಕಡ್ಡಿನೂ ಎತ್ತಲ್ಲ. ಎಂಗದೆಯೋ ಅಂಗೇ ನೋಡಿ.”

ಸಾಹೇಬರು ಅದನ್ನು ಇಂಗ್ಲಿಷಿಗೆ ಅನುವಾದ ಮಾಡಿ ಹೇಳಿದರು. ನ್ಯಾಯಾಧೀಶರು ವರದಿಯಲ್ಲಿನ ಕ್ಲೋರಿನ್ ಸಾಲನ್ನು ತಾವೇ ಓದಿ ಹೇಳಿದರು. ಆಮೇಲೆ ಆದೇಶ. ಯಾರಿಗೂ ಮುಂಚೆ ತಿಳಿಸದೆ, ಒಂದು ತಿಂಗಳೊಳಗೆ ಯಾವ ದಿನವಾದರೂ ಹೋಗಿ, ಬಡಾವಣೆಯ ಪೈಪಿನ ಬಾಯಿ, ಕಾಲುವೆ, ಬಾವಿ, ಮೂರೂ ಕಡೆಯಿಂದ ಮಾದರಿ ತೆಗೆಯಬೇಕು. ಅಲ್ಲಿಯವರೆಗೆ ಬೀದಿಗೆ ಟ್ಯಾಂಕರಿನಲ್ಲಿ ಕುಡಿಯುವ ನೀರು ಕೊಡಬೇಕು.

ಆ ಒಂದು ತಿಂಗಳು ನಮ್ಮ ಬೀದಿ ಕಂಡ ಕಷ್ಟವನ್ನು ಹೇಗೆ ಹೇಳಲಿ? ಟ್ಯಾಂಕರಿನ ಮುಂದೆ ಮಳೆಯಲ್ಲಿ ಸಾಲು ನಿಲ್ಲುವುದು ಕಷ್ಟವಾಗಿರಲಿಲ್ಲ. ಬಾವಿಯನ್ನು ಮುಟ್ಟದೆ ಇರುವುದು ಕಷ್ಟವಾಗಿತ್ತು. ಪಕ್ಕದ ಹೊಂಗೆಮರದ ಎಲೆ ಉದುರಿ ನೀರಿನ ಮೇಲೆ ಹಾಸಿಕೊಂಡಿತು. ಕಟ್ಟೆಯ ಮೇಲೆ ಪಾಚಿ ಹಬ್ಬಿತು, ಯಾರದೋ ಕೋಳಿ ಹತ್ತಿ ಕೂತು ಗಲೀಜು ಮಾಡಿತು. ನೀರು ಹಸಿರಾಯಿತು, ಆಮೇಲೆ ಕಪ್ಪಗಾಯಿತು. ದೊಡ್ಡವ್ವನ ಮನೆ ಬಾಗಿಲು ತೆರೆದರೆ ಎದುರಿಗೇ ಬಾವಿ. ಅವಳು ಮುಂಬಾಗಿಲು ಮುಚ್ಚಿ ಹಿತ್ತಲ ಬಾಗಿಲಿನಿಂದ ಓಡಾಡತೊಡಗಿದಳು. ಒಂದು ದಿನ ಪೊರಕೆ ಹಿಡಿದು ಕಟ್ಟೆಯವರೆಗೂ ಬಂದು ನಿಂತದ್ದನ್ನು ನೋಡಿದೆ. ನಾನು ಕಿಟಕಿಯಿಂದ ಕೂಗಲಿಲ್ಲ. ಒಂದು ಗಳಿಗೆ ನಿಂತು ತಾನೇ ಪೊರಕೆ ಸಮೇತ ವಾಪಸು ಹೋದಳು. ಆಸ್ಪತ್ರೆಯಿಂದ ಮನೆಗೆ ಬಂದಿದ್ದ ಸಿದ್ದರಾಜುವಿನ ಮಗಳು ದಿನವೂ ಸಂಜೆ ದೊಡ್ಡವ್ವನ ಹಿತ್ತಲಿಗೆ ಹೋಗಿ ಪಾಠ ಓದಿಕೊಂಡು ಕೂರುತ್ತಿದ್ದಳು. ಅಜ್ಜಿ ಬಾವಿ ಮುಟ್ಟದ ಹಾಗೆ ಕಾಯಲು ಅಪ್ಪನೇ ಕಳಿಸಿದ್ದು ಅಂತ ನನಗೆ ಆಮೇಲೆ ಗೊತ್ತಾಯಿತು.

ಶ್ರಾವಣದ ಒಂದು ಬೆಳಗ್ಗೆ, ಜಿಟಿಜಿಟಿ ಮಳೆಯಲ್ಲಿ ಜೀಪು ಬಂದು ನಿಂತಿತು. ಅದೇ ಅಧಿಕಾರಿ. ಬಡಾವಣೆಯ ಪೈಪಿನಿಂದ, ಕಾಲುವೆಯಿಂದ ಬಾಟಲಿ ತುಂಬಿಸಿಕೊಂಡೇ ಇಲ್ಲಿಗೆ ಬಂದಿದ್ದಳು. ಬಾವಿಯೊಳಗೆ ಬಗ್ಗಿ ನೋಡಿದವಳು ಕರವಸ್ತ್ರದಿಂದ ಮೂಗು ಮುಚ್ಚಿಕೊಂಡಳು, ಆಮೇಲೆ ನಮ್ಮ ಮುಖ ನೋಡಿ ಕರವಸ್ತ್ರ ತೆಗೆಯಲು ಹೋದಳು. ನಾವು ನಲವತ್ತು ಮನೆಯವರೂ ಸುತ್ತ ನಿಂತಿದ್ದೆವು, ಒಬ್ಬರೂ ತಲೆ ಎತ್ತಲಿಲ್ಲ. ದೊಡ್ಡವ್ವ ಒಬ್ಬಳೇ ಮುಂದೆ ಬಂದು ನಿಂತಳು. ಅವಳ ಕಣ್ಣಲ್ಲಿ ನೀರು ಹರಿಯುತ್ತಿತ್ತು, ದನಿ ಮಾತ್ರ ಗಟ್ಟಿಯಾಗಿತ್ತು.

“ಮೂಗು ಮುಚ್ಕಳವ್ವ, ತಪ್ಪಿಲ್ಲ. ವಾಸ್ನೆನೂ ಬರ್ಕೊ” ಅಂದಳು.

ಆ ಹುಡುಗಿ ತನ್ನ ಹಾಳೆಯಲ್ಲಿ ಅದನ್ನೂ ಬರೆದುಕೊಂಡಳು.

ಈ ಸಲದ ವರದಿಯಲ್ಲಿ ಮುಚ್ಚಿಡಲು ಏನೂ ಇರಲಿಲ್ಲ. ಪೈಪಿನ ಬಾಯಲ್ಲಿ ಇದ್ದದ್ದೇ ಕಾಲುವೆಯಲ್ಲಿ, ಕಾಲುವೆಯಲ್ಲಿ ಇದ್ದದ್ದೇ ಬಾವಿಯಲ್ಲಿ. ದಸರಾ ರಜೆ ಕಳೆದ ಮೇಲೆ ಆದೇಶ ಬಂತು. ಇನಾಯತ್ ಸಾಹೇಬರು ತಾವೇ ನಮ್ಮ ಬೀದಿಗೆ ಬಂದು, ಹೊಂಗೆಮರದ ಕೆಳಗೆ ಕುರ್ಚಿ ಹಾಕಿಸಿಕೊಂಡು ಓದಿ ಹೇಳಿದರು. ಶುದ್ಧೀಕರಣ ಘಟಕ ಸರಿಯಾಗಿ ಓಡುವವರೆಗೆ ಬಡಾವಣೆಯ ಒಂದು ಹನಿ ಕೊಳಚೆಯೂ ಕಾಲುವೆಗೆ ಬೀಳಕೂಡದು. ಪಂಚಾಯಿತಿ, ಸಿಟಿ ಎರಡೂ ಸೇರಿ ಗಡುವಿನೊಳಗೆ ಮನೆಮನೆಗೆ ನಲ್ಲಿ ಕೊಡಬೇಕು, ನೀವು ಮಾಡಿ, ನೀವು ಮಾಡಿ ಎಂದು ಒಬ್ಬರ ಮೇಲೊಬ್ಬರು ಹಾಕುವಂತಿಲ್ಲ. ಇಬ್ಬರು ಹೆಂಗಸರು ತಮಗೇ ತೊಂದರೆಯಾಗಬಹುದೆಂದು ಗೊತ್ತಿದ್ದೂ ನಿಜ ಹೇಳಿದ್ದಾರೆ, ಅವರ ಮಾತನ್ನು ನಾವು ನಂಬುತ್ತೇವೆ ಎಂದು ಒಂದು ಕಡೆ ಇತ್ತು. ದೊಡ್ಡವ್ವ ಆ ಸಾಲನ್ನು ಮೂರು ಸಲ ಓದಿಸಿದಳು. ಬಾವಿಯ ನೀರನ್ನು ಈಗ ಮತ್ತೆ ಕುಡಿಯುತ್ತಿದ್ದೇವೆ, ಆಗಾಗ ಪರೀಕ್ಷೆಯೂ ಆಗುತ್ತದೆ, ಅದೆಲ್ಲ ಆಮೇಲಿನ ಮಾತು. ಆ ದಿನ ಮಾತ್ರ ಕೊನೆಯ ಸಾಲಿಗೆ ಬಂದಾಗ ದೊಡ್ಡವ್ವ ಕೈ ಎತ್ತಿ ಸಾಹೇಬರನ್ನು ತಡೆದಳು.

ಆ ಸಾಲಿನಲ್ಲಿ ಇದ್ದದ್ದು ಇಷ್ಟು. ಕೊಳಚೆ ನಿಂತ ಮೇಲೆ ಬಡಾವಣೆಯವರು ತಮ್ಮ ಖರ್ಚಿನಲ್ಲಿ ಕಂಟ್ರಾಕ್ಟರನ್ನು ಕಳಿಸಿ, ಅಧಿಕಾರಿಗಳ ಎದುರಿನಲ್ಲಿ ನಮ್ಮ ಬಾವಿಯನ್ನು ತೊಳೆಸಿಕೊಡಬೇಕು.

“ಅದೊಂದು ಬ್ಯಾಡ ಸಾಬ್ರೆ.”

“ಯಾಕಮ್ಮ? ಗೆದ್ದು ತಗೊಂಡಿರೋದು. ಕಾಸಿಲ್ಲದೆ ಆಗುತ್ತೆ.”

“ಅವ್ರು ಪೈಪು ಮುಚ್ಲಿ, ಅವ್ರ್ ಕೊಳೆ ಅವ್ರು ತೊಳ್ಕಳ್ಲಿ. ಆಪೀಸರು ಬಂದು ನೋಡ್ಲಿ, ಯಾವ ಔಸ್ದಿ ಎಷ್ಟು ಹಾಕ್ಬೇಕು ಅಂತ ಯೋಳ್ಲಿ, ಅಂಗೇ ಹಾಕ್ತೀವಿ. ಬಾವಿ ಒಳಕ್ಕೆ ಇಳ್ಯೋರು ಮಾತ್ರ ನಾವೇ.”

ಸಾಹೇಬರು ನನ್ನ ಕಡೆ ನೋಡಿದರು. ನಾನು ಲ್ಯಾಪ್‌ಟಾಪು ತೊಡೆಯ ಮೇಲೆ ಇಟ್ಟುಕೊಂಡು ಆಗಲೇ ಹೊಸ ಹಾಳೆ ತೆರೆದಿದ್ದೆ. ಪೀಠಕ್ಕೆ ಒಂದು ಮನವಿ ಕೊಡೋಣ, ಆದರೆ ಯಾವ ಆಧಾರದ ಮೇಲೆ ಕೇಳುತ್ತೀರಿ ಎಂದು ಬರೆಯಬೇಕಾಗುತ್ತದೆ, ಏನು ಬರೆಯಲಿ ಎಂದು ಅವರು ದೊಡ್ಡವ್ವನನ್ನೇ ಕೇಳಿದರು.

ದೊಡ್ಡವ್ವ ಬಾವಿಯ ಕಡೆ ಒಂದು ಸಲ ನೋಡಿದಳು.

“ತೋಡ್ದೋರು ನಾವು ಅಂತ ಬರೀರಿ.”

ಅಷ್ಟನ್ನೇ ಟೈಪ್ ಮಾಡಿದೆ. ಸಾಹೇಬರು ಅದರಲ್ಲಿ ಒಂದಕ್ಷರವನ್ನೂ ತಿದ್ದಲಿಲ್ಲ.